ವರ್ಷ ಹಾರಿಸುವ ಬಂದೂಕಿನ ನಿಯಮ

ಬಂದೂಕು ಏನನ್ನು ಹಾರಿಸುತ್ತದೆ ಎಂದು ಕೇಳುವ ಮೊದಲು ಸರ್ವೇಯರ್ ಅದರ ತೂಕ ಕೇಳಿದ.

"ಆರೂವರೆ ಕೆಜಿ," ಎಂದಳು ಅತ್ತಿಗೆ. ಹಿಂದಿನ ದಿನ ಪ್ಲಾಸ್ಟರ್ ಪುಡಿಯ ಚೀಲವೊಂದನ್ನು ತೂಗಿ, ಹೆಗಲ ಮೇಲಿಟ್ಟುಕೊಂಡು ಎರಡು ಸುತ್ತು ನಡೆದು ನೋಡಿ ಆಕೆ ಈ ಅಂಕಿಗೆ ಬಂದಿದ್ದಳು.

ಸರ್ವೇಯರ್ ತಲೆಯಾಡಿಸಿ ಬರೆದುಕೊಂಡ. ಆತ ಆಕೆಯ ಗಂಡನ ತಮ್ಮ. ಅವನು ಕರೆದಂತೆಯೇ ಕರೆದು ಕರೆದು ಗುಂಪಿಗೆಲ್ಲ ಆಕೆ ಅತ್ತಿಗೆಯೇ ಆಗಿದ್ದಳು. ಮೇಜಿನ ಆಚೆ ಬದಿಯಲ್ಲಿ ಒಬ್ಬ ಬಸ್ ಕಂಡಕ್ಟರ್, ಒಬ್ಬ ನರ್ಸ್. ಗುಂಪೆಂದರೆ ಈ ನಾಲ್ವರೇ. ಅವರು ಸೇರುತ್ತಿದ್ದುದು ಅತ್ತಿಗೆ ಕೃತಕ ಹಲ್ಲು ತಯಾರಿಸುವ ಕೆಲಸದ ಕೋಣೆಯಲ್ಲಿ. ಭಾನುವಾರ ಮಧ್ಯಾಹ್ನ ಅಲ್ಲಿನ ಎಂಟು ಅಡಿಯ ಮೇಜು ಖಾಲಿ ಇರುತ್ತದೆ. ಗೋಡೆಯ ಕಪಾಟುಗಳ ತುಂಬ ಪ್ಲಾಸ್ಟರಿನ ದವಡೆಗಳು, ಒಂದೊಂದರ ಮೇಲೂ ಪೆನ್ಸಿಲಿನಲ್ಲಿ ಬರೆದ ಸಂಖ್ಯೆ. ನಕ್ಷೆಯ ಮೇಲೆ ಯಾರು ಎಲ್ಲಿದ್ದಾರೆಂದು ತೋರಿಸಲು ಗುಲಾಬಿ ಮೇಣದ ತುಂಡುಗಳು.

ಆಟದ ತತ್ವ ಸರಳ. ಒಬ್ಬರು ಲೋಕವನ್ನು ವರ್ಣಿಸುತ್ತಾರೆ, ಉಳಿದವರು ಅದರೊಳಗೆ ತಮ್ಮ ಪಾತ್ರ ಏನು ಮಾಡುತ್ತದೆಂದು ಹೇಳುತ್ತಾರೆ. ಮಾಡಿದ್ದು ಫಲಿಸಿತೇ ಇಲ್ಲವೇ ಎಂಬುದನ್ನು ದಾಳ ಮತ್ತು ನಿಯಮದ ಪುಸ್ತಕ ತೀರ್ಮಾನಿಸುತ್ತವೆ. ಆ ಪುಸ್ತಕಕ್ಕೆ ನಾನೂರ ಹನ್ನೆರಡು ಪುಟ, ಅರವತ್ಮೂರು ಕೋಷ್ಟಕ. ಒದ್ದೆ ಹಗ್ಗ ಎಷ್ಟು ಭಾರ ತಡೆದೀತು ಎಂಬುದಕ್ಕೂ ಅದರಲ್ಲೊಂದು ಕೋಷ್ಟಕವಿದೆ. ಹನ್ನೊಂದು ವರ್ಷದಿಂದ ಸರ್ವೇಯರ್ ಅದರ ಕಾವಲುಗಾರ.

ಆ ಹನ್ನೊಂದು ವರ್ಷವೂ ಅವರು ಆಡಿದ್ದು ಕೋಟೆ, ಕಣಿವೆ, ಕತ್ತಿಗಳ ಲೋಕದಲ್ಲಿ. ಅತ್ತಿಗೆಯ ಐದು ನೋಟ್‌ಬುಕ್ಕುಗಳಲ್ಲಿ ಇದ್ದದ್ದು ಬೇರೆಯೇ ಲೋಕ. ಅಲ್ಲಿ ಯಂತ್ರವೂ ಮಂತ್ರವೂ ಒಂದೇ ಅಂಗಡಿಯಲ್ಲಿ ಸಿಗುತ್ತಿದ್ದವು. ಬೆಟ್ಟದಷ್ಟು ದೊಡ್ಡ ಯಂತ್ರದೈತ್ಯರು ಸತ್ತುಬಿದ್ದಿದ್ದರು, ಅವರ ಹೊಟ್ಟೆಯೊಳಗೆ ಜನ ದಾರಿ ಮಾಡಿಕೊಂಡಿದ್ದರು. ಇದನ್ನು ಆಕೆ ಹಿಂದೊಮ್ಮೆ ಸಹೋದ್ಯೋಗಿಗಳ ಜೊತೆ ನಿಯಮವಿಲ್ಲದೆ ಆಡಿಸಿ ನೋಡಿದ್ದಳು. ನಾಲ್ಕು ತಿಂಗಳು ಎಲ್ಲರೂ ನಕ್ಕರು, ಚಪ್ಪಾಳೆ ತಟ್ಟಿದರು. ಗೋಪುರದಿಂದ ಹಾರಿದವನು "ನನಗೆ ರೆಕ್ಕೆ ಬಂತು" ಎಂದರೆ ರೆಕ್ಕೆ ಬಂತು. ಹೆಜ್ಜೆಯಿಡುವ ಮುನ್ನ ಯಾರೂ ಒಂದು ಕ್ಷಣವೂ ಯೋಚಿಸಲಿಲ್ಲ. ತನ್ನ ಲೋಕದಲ್ಲಿ ಒಬ್ಬರಾದರೂ ಹೆದರಬೇಕು. ಆಕೆಗೆ ಬೇಕಾಗಿದ್ದುದು ಅಷ್ಟೇ. ಅದಕ್ಕಾಗಿಯೇ ಮೈದುನನ ಪುಸ್ತಕದ ಬಾಗಿಲು ತಟ್ಟಿದ್ದಳು.

ಗುಂಪು ಮೂರು ಭಾನುವಾರ ಕೊಟ್ಟಿತ್ತು. ಮೂರನೆಯದರ ಕೊನೆಗೆ ಮತ. ಪುಸ್ತಕಕ್ಕೆ ಈ ಲೋಕ ಒಗ್ಗದಿದ್ದರೆ ಮತ್ತೆ ಕೋಟೆ ಕಣಿವೆಗಳಿಗೆ, ನೋಟ್‌ಬುಕ್ಕುಗಳು ಕಪಾಟಿಗೆ.

ಮೊದಲ ಭಾನುವಾರ ಪಾತ್ರಗಳನ್ನು ಹಳೆಯ ಲೋಕದಿಂದ ಇಲ್ಲಿಗೆ ದಾಟಿಸುವುದರಲ್ಲೇ ಮುಗಿಯಿತು. ಎರಡನೆಯ ಭಾನುವಾರವನ್ನು ನುಂಗಿದ್ದು, ಬೆನ್ನ ಮೇಲೆ ಊರು ಹೊತ್ತು ಆಕಾಶದಲ್ಲಿ ಮೇಯುವ ಒಂದು ಪ್ರಾಣಿ.

"ಏನು ತಿನ್ನುತ್ತೆ?" ಎಂದು ಸರ್ವೇಯರ್ ಕೇಳಿದ್ದ.

"ಶಬ್ದ."

"ದಿನಕ್ಕೆ ಎಷ್ಟು?"

ಅದರ ಲೆಕ್ಕಕ್ಕೆ ಒಂದೂವರೆ ಗಂಟೆ ಹೋಯಿತು. ನರ್ಸ್ ಆಕಳಿಸಿದಳು. "ನಮ್ಮ ಬಸ್ಸಿನ ಸದ್ದನ್ನ ಮೇಯಕ್ಕೆ ಬಿಡಿ, ಹೊಟ್ಟೆ ಕೆಡುತ್ತೆ ಅದಕ್ಕೆ," ಎಂದ ಕಂಡಕ್ಟರ್. ಆ ದಿನ ದಾಳ ಉರುಳಲೇ ಇಲ್ಲ.

ಇಂದು ಮೂರನೆಯ ಭಾನುವಾರ. ಪಾತ್ರಗಳು ಸತ್ತ ದೈತ್ಯನೊಬ್ಬನ ಹೊಟ್ಟೆಯೊಳಗಿದ್ದವು. ನರ್ಸಿನ ಪಾತ್ರ ಐವತ್ತೆಂಟರ ಕಾವಲುಗಾತಿ, ಮಂಡಿಗೆ ಪೆಟ್ಟಾದವಳು. ಕಂಡಕ್ಟರನ ಪಾತ್ರ ಬಾಯಿಬಡುಕ ಕಳ್ಳ. ಒಂದು ಮೂಲೆಯಲ್ಲಿ ಬಂದೂಕು ಸಿಕ್ಕಿತ್ತು.

"ಇದು ವರ್ಷ ಹಾರಿಸುತ್ತೆ," ಎಂದಳು ಅತ್ತಿಗೆ. "ಯಾವುದಕ್ಕೆ ತಗಲುತ್ತೋ ಅದಕ್ಕೆ ಒಂದು ವರ್ಷ ವಯಸ್ಸಾಗುತ್ತೆ."

ಸರ್ವೇಯರ್ ಪುಟ ತಿರುವಿದ. ಮನುಷ್ಯರ ಮುಪ್ಪಿಗೆ ಒಂದು ಕೋಷ್ಟಕ, ಯಂತ್ರಗಳ ಸವೆತಕ್ಕೆ ಇನ್ನೊಂದು. ಎರಡೂ ಇದ್ದವು. ಅತ್ತಿಗೆಗೆ ಉಸಿರು ಹಗುರಾಯಿತು.

"ಗುಂಡು ಎಲ್ಲಿ?"

"ಗುಂಡಿಲ್ಲ. ವರ್ಷಾನೇ ಗುಂಡು."

"ಸರಿ. ಆ ವರ್ಷ ಯಾರ ಹತ್ರ ಇದೆ? ಎಂಬತ್ತೆಂಟನೇ ಪುಟ ನೋಡಿ ಅತ್ತಿಗೆ. ಎಸೆಯೋದು, ಬಿಡೋದು, ಹಾರಿಸೋದು ಏನೇ ಆಗಲಿ, ಯಾರೋ ಒಬ್ಬರು ಹೊತ್ಕೊಂಡಿರಬೇಕು. ಅವರ ಹಾಳೆಯಿಂದ ಕಳೀಬೇಕು."

"ಗಾಳಿಯಿಂದ ಬರುತ್ತೆ ಅಂತ ಇಟ್ಕೋ."

"ಗಾಳಿಗೆ ವಯಸ್ಸೆಷ್ಟು?"

ಕಂಡಕ್ಟರ್ ಬಾಯಿಗೆ ಕೈ ಅಡ್ಡ ಹಿಡಿದ. ಅತ್ತಿಗೆಯ ಮುಖ ಕೆಂಪಾಯಿತು. ಶಬ್ದ ತಿನ್ನುವ ಪ್ರಾಣಿಯ ಗತಿಯೇ ಬಂದೂಕಿಗೂ ಕಾದಿದೆ ಎಂದು ಆಕೆಗೆ ಅನಿಸಿತು.

"ಅಲ್ಲಪ್ಪ, ಅಷ್ಟೊಂದು ಪುಟ ಹಿಡ್ಕೊಂಡು ಕೂತಿದೀಯಲ್ಲ, ಹಾರಿಸೋರಿಗೆ ವಯಸ್ಸು ಇರುತ್ತೋ ಇಲ್ವೋ? ಅದ್ರಿಂದಾನೇ ಕಳಿ ಹೋಗು!"

ಅದು ಚುಚ್ಚುಮಾತು. ಉಳಿದಿಬ್ಬರಿಗೂ ಹಾಗೇ ಕೇಳಿಸಿತು. ಆದರೆ ಸರ್ವೇಯರನ ಸ್ವಭಾವದಲ್ಲಿ ಒಂದು ಕೊರತೆಯಿತ್ತು: ಮಾತಿನಲ್ಲಿ ಅಂಕಿಯ ಸುಳಿವಿದ್ದರೆ ಅದರ ಖಾರ ಅವನಿಗೆ ತಾಗುತ್ತಿರಲಿಲ್ಲ. "ಒಂದು ಗುಂಡಿಗೆ ಒಂದು ವರ್ಷ, ಹಾರಿಸಿದವರ ವಯಸ್ಸಿನಿಂದ," ಎಂದು ಗಟ್ಟಿಯಾಗಿ ಓದಿಕೊಳ್ಳುತ್ತ ಅವನು ಬರೆದುಬಿಟ್ಟ.



"ಇರಿ ಇರಿ," ಎಂದಳು ನರ್ಸ್, ಬಾಗಿ ಕೂತಿದ್ದವಳು ನೆಟ್ಟಗಾಗಿ. "ಅಂದ್ರೆ ಹಾರಿಸಿದಷ್ಟೂ ನಾನು ಚಿಕ್ಕೋಳಾಗ್ತೀನಾ?"

ಸರ್ವೇಯರ್ ತಾನು ಬರೆದದ್ದನ್ನು ಮತ್ತೊಮ್ಮೆ ಓದಿದ. "ಹೌದು. ಹಾಗೇ ಆಗುತ್ತೆ."

ಐದು ನೋಟ್‌ಬುಕ್ಕುಗಳಲ್ಲಿ ಎಲ್ಲೂ ಈ ಮಾತಿರಲಿಲ್ಲ. ಅತ್ತಿಗೆ ಸಿಟ್ಟು ಮರೆತು ಅವನು ಬರೆದ ಸಾಲನ್ನೇ ನೋಡುತ್ತ ಕೂತಳು.

ನರ್ಸ್ ಕಾಯಲಿಲ್ಲ. ದೈತ್ಯನ ಪಕ್ಕೆಲುಬಿನ ಗೋಡೆಗೆ ಮೂರು ಗುಂಡು ಹಾರಿಸಿದಳು. ಗೋಡೆಯಿಂದ ಹಕ್ಕಳೆ ಉದುರಿತು. ಕಾವಲುಗಾತಿಗೆ ಐವತ್ತೈದಾಯಿತು. ಮಂಡಿಗೆ ಪೆಟ್ಟಾದದ್ದು ಐವತ್ತಾರರಲ್ಲಿ, ಹಾಗಾಗಿ ಮಂಡಿ ನೆಟ್ಟಗಾಯಿತು.

"ಎತ್ತಿಗೆ ಜ್ವರ, ಎಮ್ಮೆಗೆ ಬರೆ ಅಂತಾರಲ್ಲ," ಎಂದ ಕಂಡಕ್ಟರ್. "ಮಂಡಿನೋವು ಸಿಸ್ಟರ್‌ಗೆ, ಏಟು ಗೋಡೆಗೆ. ಕೊಡಿ ಇಲ್ಲಿ, ನನಗೂ ಒಂದು ಹತ್ತು ವರ್ಷ ಇಳಿಸ್ಕೊಳ್ಳೋದಿದೆ."

ಎಲ್ಲರೂ ನಕ್ಕರು. ಅತ್ತಿಗೆಯೂ ನಕ್ಕಳು. ಆದರೆ ಈ ನಗು ಸಹೋದ್ಯೋಗಿಗಳ ಆ ನಾಲ್ಕು ತಿಂಗಳಿನಿಂದ ಆಕೆಗೆ ಗೊತ್ತಿದ್ದ ನಗು. ಪುಕ್ಕಟೆ ರೆಕ್ಕೆಯ ಬದಲು ಪುಕ್ಕಟೆ ಯೌವನ, ಅಷ್ಟೇ. ಏನಾದರೂ ಮಾಡಬೇಕೆಂದು ಆಕೆ ಎಂಟು ಕಾಲಿನ ಕಬ್ಬಿಣದ ಜೇಡವನ್ನು ಕತ್ತಲಿನಿಂದ ಇಳಿಸಿದಳು. ದಾಳ ಬಿತ್ತು. ಜೇಡ ಕಳ್ಳನನ್ನು ಹಿಡಿಯಿತು.

"ಪ್ರತಿ ಸರದಿಗೂ ಹಿಡಿತ ಬಿಗಿಯಾಗುತ್ತೆ. ಕಳ್ಳ ತಡ್ಕೊಳ್ಳೋದು ಒಂಬತ್ತು ಸರದಿ," ಎಂದಳು.

"ಎಣ್ಣೆ ಕಾಣದ ಯಂತ್ರ ವರ್ಷಕ್ಕೊಂದು ಅಂಕ ಸವೆಯುತ್ತೆ," ಎಂದು ಸರ್ವೇಯರ್ ಓದಿದ. "ಈ ಜೇಡಕ್ಕೆ ಉಳಿದಿರೋದು ಏಳು. ಏಳು ಗುಂಡು ತಗಲಿದ್ರೆ ನಿಲ್ಲುತ್ತೆ. ಸರದಿಗೆ ಒಂದೇ ಗುಂಡು."

"ಏಳು ತಾನೇ? ಐವತ್ತೈದರಲ್ಲಿ ಏಳು ಹೋದ್ರೆ ನಲವತ್ತೆಂಟು. ಒಳ್ಳೇ ವಯಸ್ಸು." ನರ್ಸ್ ದಾಳ ಎತ್ತಿಕೊಂಡಳು.

"ಒಂದ್ನಿಮಿಷ. ನಿಮ್ಮ ಹಾಳೆ ಕೊಡಿ."

ಪುಸ್ತಕದ ಪ್ರಕಾರ, ಪಾತ್ರವೊಂದು ಕಲಿತ ಪ್ರತಿ ವಿದ್ಯೆಯ ಮುಂದೆ ಅದನ್ನು ಯಾವ ವಯಸ್ಸಿನಲ್ಲಿ ಕಲಿತದ್ದೆಂದು ಬರೆಯಬೇಕು. ಪರಿಚಯವಾದವರ ಹೆಸರಿನ ಮುಂದೆಯೂ ಹಾಗೇ. ಈ ಅಂಕಣ ಈವರೆಗೆ ಯಾವ ಕೆಲಸಕ್ಕೂ ಬಂದಿರಲಿಲ್ಲ. ಸರ್ವೇಯರ್ ಬಿಡುತ್ತಿರಲಿಲ್ಲ ಎಂಬ ಒಂದೇ ಕಾರಣಕ್ಕೆ ಎಲ್ಲರೂ ಗೊಣಗುತ್ತ ತುಂಬಿಸುತ್ತಿದ್ದರು. ಅವನೀಗ ಅದರ ಮೇಲೆ ಬೆರಳಿಟ್ಟು ಇಳಿಸುತ್ತ ಬಂದ.

"ಬೀಗ ತೆಗೆಯೋದು ಕಲಿತದ್ದು ಐವತ್ಮೂರರಲ್ಲಿ. ಅದು ಹೋಗುತ್ತೆ. ನಕ್ಷೆ ಓದೋದು ಐವತ್ತರಲ್ಲಿ. ಅದೂ." ಬೆರಳು ನಿಂತಿತು. "ಕಳ್ಳನ ಪರಿಚಯ ಆಗಿದ್ದು ನಲವತ್ತೊಂಬತ್ತರಲ್ಲಿ."

ನರ್ಸ್ ಹಾಳೆಯನ್ನು ತನ್ನತ್ತ ತಿರುಗಿಸಿಕೊಂಡಳು. "ಅಂದ್ರೆ ಇವನನ್ನ ಬಿಡಿಸಿದ ಮೇಲೆ ಇವನು ಯಾರು ಅಂತ ನನಗೆ ಗೊತ್ತಿರಲ್ಲ."

"ಗೊತ್ತಿರಲ್ಲ."

"ಗೋಡೆಗೆ ಆ ಮೂರು ಹಾರಿಸದೇ ಇದ್ದಿದ್ರೆ?"

"ಐವತ್ತೊಂದಕ್ಕೆ ನಿಲ್ತಿತ್ತು. ಇವನು ಉಳೀತಿದ್ದ."

ಕಾವಲುಗಾತಿಯೂ ಕಳ್ಳನೂ ಜೊತೆಗೆ ಅಲೆದದ್ದು ಆಟದ ಲೆಕ್ಕದಲ್ಲಿ ಒಂಬತ್ತು ವರ್ಷ, ಈ ಮೇಜಿನ ಲೆಕ್ಕದಲ್ಲಿ ಏಳು.

ನರ್ಸ್ ದಾಳಗಳನ್ನು ಮೇಜಿನ ಮೇಲಿಟ್ಟಳು. ಉರುಳಿಸಲಿಲ್ಲ, ಇಟ್ಟಳು. ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಅತ್ತಿಗೆ ಅವಳನ್ನೇ ನೋಡುತ್ತಿದ್ದಳು. ಉಸಿರು ಬಿಟ್ಟರೆ ಏನೋ ಕದಡೀತು ಎಂಬಂತೆ.

"ಅತ್ತಿಗೆ, ಬೇರೆ ದಾರಿ ಇದೆಯಾ?"

"ನೀನೇ ಹೇಳು. ನಿನ್ನ ಹತ್ರ ಏನಿದೆ?"

"ಕತ್ತಿಯಿಂದ ಕಾಲು ಕಡಿದ್ರೆ?"

"ಒಂದು ಕಾಲಿಗೆ ಆರು ಸರದಿ," ಎಂದ ಸರ್ವೇಯರ್, ಪುಟ ನೋಡಿ. "ಎಂಟು ಕಾಲಿದೆ."

"ಸಿಸ್ಟರ್, ಬಿಟ್ಹೋಗಿ," ಎಂದ ಕಂಡಕ್ಟರ್. ಅವನ ದನಿ ಅಷ್ಟು ಸಣ್ಣದಾಗಿ ಈ ಮೇಜಿನಲ್ಲಿ ಯಾರೂ ಕೇಳಿರಲಿಲ್ಲ. "ನಾನು ಹೊಸ ಹಾಳೆ ಬರ್ಕೊತೀನಿ."

"ಸುಮ್ನಿರಿ ಕಂಡಕ್ಟ್ರೇ, ಯೋಚನೆ ಮಾಡ್ತಿದೀನಿ." ಹಾಳೆಯನ್ನು ಮೇಲಿಂದ ಕೆಳಗೆ ಓದಿ ಅವಳು ತಲೆಯೆತ್ತಿದಳು. "ನಾನು ನನಗೇ ಒಂದು ಚೀಟಿ ಬರೆದಿಟ್ಕೋಬಹುದಾ?"

ಸರ್ವೇಯರ್ ಹುಡುಕಿದ. "ಬರೆಯೋದು, ಒಂದು ಸರದಿಗೆ ಒಂದು ಸಾಲು. ಒಂದು ಸಾಲು ಬರೆದ್ರೆ ಎಂಟು ಸರದಿ ಉಳಿಯುತ್ತೆ. ಅಂದ್ರೆ ಒಂದೇ ಒಂದು ಗುಂಡು ತಪ್ಪಬಹುದು. ಎರಡು ಸಾಲು ಬರೆದ್ರೆ ಒಂದೂ ತಪ್ಪೋ ಹಾಗಿಲ್ಲ."

"ಒಂದು ಸಾಕು."

ದವಡೆಗಳಿಗೆ ಕಟ್ಟುವ ಕಾಗದದ ಚೀಟಿಯೊಂದನ್ನು ಅತ್ತಿಗೆ ಮುಂದೆ ಸರಿಸಿದಳು. ನರ್ಸ್ ಕೈ ಅಡ್ಡವಿಟ್ಟುಕೊಂಡು ಬರೆದಳು, ಮಡಿಸಿ ಹಾಳೆಯ ಕೆಳಗೆ ಇಟ್ಟಳು. ಆಮೇಲೆ ದಾಳ ಉರುಳಿಸಿದಳು.

ಮೂರು ಗುಂಡು ತಗಲಿದವು. ನಾಲ್ಕನೆಯದು ತಪ್ಪಿತು. ಐದು, ಆರು, ಏಳು ತಗಲಿದವು. ಕೊನೆಯ ಸರದಿಗೆ ಮುಂಚೆ ನರ್ಸ್ ಅಂಗೈಯನ್ನು ಬಟ್ಟೆಗೆ ಒರೆಸಿಕೊಂಡಳು. ಎಂಟನೆಯದೂ ತಗಲಿತು. ಜೇಡದ ಕೀಲುಗಳಲ್ಲಿ ತುಕ್ಕು ಹೂವಿನಂತೆ ಅರಳಿ, ಅದು ಕಳ್ಳನನ್ನು ಹಿಡಿದಂತೆಯೇ ನಿಂತುಹೋಯಿತು ಎಂದು ಅತ್ತಿಗೆ ಹೇಳಿದಳು. ಕಳ್ಳ ನುಸುಳಿ ಹೊರಬಂದ.

ತಪ್ಪಿದ ಗುಂಡಿನ ವರ್ಷವನ್ನೂ ಕಳೆದು ಸರ್ವೇಯರ್ ವಯಸ್ಸಿನ ಮನೆಯಲ್ಲಿ ನಲವತ್ತೇಳು ಎಂದು ಬರೆದ. ರಬ್ಬರ್ ತೆಗೆದುಕೊಂಡು ಬೀಗ ಅಳಿಸಿದ, ನಕ್ಷೆ ಅಳಿಸಿದ. ಕಳ್ಳನ ಹೆಸರಿನ ಮೇಲೆ ರಬ್ಬರ್ ಇಟ್ಟು ಒಮ್ಮೆ ನರ್ಸಿನ ಮುಖ ನೋಡಿದ. ಅವಳು ತಲೆಯಾಡಿಸಿದಳು. ಅಳಿಸಿದ.

"ಏನಮ್ಮಾ," ಎಂದ ಕಂಡಕ್ಟರ್, ಕಳ್ಳನ ದನಿಯಲ್ಲಿ. "ನಾನು ಯಾರು ಗೊತ್ತಾಯ್ತಾ?"

ನರ್ಸ್ ಅವನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಯಾರಪ್ಪಾ ನೀನು? ನನ್ನ ಚೀಲದ ಹತ್ರ ಕೈ ಯಾಕೆ ಇಟ್ಟಿದೀಯ?" ಬಳಿಕ ಚೀಟಿ ಬಿಡಿಸಿ ಓದಿದಳು: "ಇವನ ಮಾತು ನಂಬಬೇಡ, ಆದರೆ ಇವನನ್ನು ಬಿಟ್ಟು ಹೋಗಬೇಡ."

ಕಂಡಕ್ಟರ್ ಗಟ್ಟಿಯಾಗಿ ನಕ್ಕ, ಆಮೇಲೆ ಮೂಗು ಒರೆಸಿಕೊಂಡ.

"ಐದೂವರೆ ಆಯ್ತು," ಎಂದ ಸರ್ವೇಯರ್, ನಿಯಮದ ಮನುಷ್ಯನಲ್ಲವೇ. "ಮತ ಹಾಕೋಣ್ವಾ?"

"ಮತ ಆಮೇಲೆ," ಎಂದಳು ನರ್ಸ್. ಅವಳ ಕಣ್ಣು ನಕ್ಷೆಯ ಮೇಲಿನ ಜೇಡದಲ್ಲೇ ಇತ್ತು. "ನನ್ನ ಏಳು ವರ್ಷ ಈಗ ಇದರ ಮೈಯಲ್ಲಿದೆ ಅಲ್ವಾ? ತುಕ್ಕಾಗಿ? ಅದನ್ನ ಕೆರೆದು ತಗೊಂಡ್ರೆ ವಾಪಸ್ ಬರುತ್ತಾ?"

ಸರ್ವೇಯರ್ ಪುಸ್ತಕದ ಕಡೆ ಕೈ ಚಾಚಿ, ಅರ್ಧದಲ್ಲೇ ನಿಲ್ಲಿಸಿದ. ಅಂಥ ಪುಟ ಇಲ್ಲವೆಂದು ಅವನಿಗೆ ಗೊತ್ತಿತ್ತು. ಅತ್ತಿಗೆ ನೋಟ್‌ಬುಕ್ಕುಗಳತ್ತ ನೋಡಲೂ ಇಲ್ಲ. ಅಲ್ಲಿಯೂ ಇರಲಿಲ್ಲ.

"ತುಕ್ಕು ಎಷ್ಟು ಗ್ರಾಂ ಇರಬಹುದು ಅತ್ತಿಗೆ?" ಎಂದು ಅವನು ಮೆಲ್ಲಗೆ ಕೇಳಿದ.

"ಗೊತ್ತಿಲ್ಲ," ಎಂದಳು ಆಕೆ, ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡು. "ಕೆರೆದು ನೋಡೋಣ."