ಗುಡ್ಡವಿಲ್ಲದ ಗಿಡ

ಸಸ್ಯಸಂಗ್ರಹಾಲಯದಲ್ಲಿ ಅಕ್ಕ ಕಾಡು ಸುತ್ತುವವಳು, ತಂಗಿ ಕೋಣೆ ಕಾಯುವವಳು. ಅಕ್ಕ ತಂದ ಗಿಡವನ್ನು ತಂಗಿ ಹಳೆಯ ಪತ್ರಿಕೆಗಳ ನಡುವೆ ಒತ್ತಿ ಒಣಗಿಸುತ್ತಿದ್ದಳು, ಹುಳ ಹಿಡಿಯದಂತೆ ವಿಷದ ದ್ರಾವಣದಲ್ಲಿ ಅದ್ದುತ್ತಿದ್ದಳು, ದಪ್ಪ ಹಾಳೆಗೆ ಹೊಲಿಯುತ್ತಿದ್ದಳು. ಇಬ್ಬರಿಗೂ ಪುದೀನ ಬಳಗದ ಕಾಡುಗಿಡಗಳೆಂದರೆ ಪ್ರಾಣ. ಚೌಕ ಕಾಂಡ, ಜೋಡಿ ಜೋಡಿ ಎಲೆ, ಮೇಲೊಂದು ಕೆಳಗೊಂದು ತುಟಿ ತೆರೆದಂಥ ಹೂವು. "ಎದುರುಬದುರು ನಿಂತೂ ಜಗಳ ಆಡದ ಸಂಸಾರ ಇದೊಂದೇ ಕಣೇ," ಎನ್ನುತ್ತಿದ್ದಳು ಅಕ್ಕ.

ಆ ದಿನ ಅವಳು ಬರಿಗೈಯಲ್ಲಿ ಬಂದಳು. ಬೂಟಿನ ತುಂಬ ಬಿಳಿ ಧೂಳು.

"ಗುಡ್ಡ ಇಲ್ಲ. ಗಿಡ ಇಲ್ಲ ಅಂತಲ್ಲ, ಗುಡ್ಡಾನೇ ಇಲ್ಲ. ಕಲ್ಲು ಒಡೆಯೋರು ಬುಡಸಮೇತ ಎತ್ತಿಕೊಂಡು ಹೋಗಿದ್ದಾರೆ."

ಅಕ್ಕ ಹುಡುಕಿ ಹೋಗಿದ್ದ, ಅದೇ ಬಳಗದ ನೀಲಿ ಹೂವಿನ ಗಿಡ ಆ ಗುಡ್ಡದ ನೆತ್ತಿ ಬಿಟ್ಟು ಬೇರೆಲ್ಲೂ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಳೆದ ಸಲ ಅಕ್ಕ ತಂದ ಒಂದು ಟೊಂಗೆ ಮಾತ್ರ ಬೀರುವಿನಲ್ಲಿತ್ತು.

"ದೊಡ್ಡವರಿಗೂ ಹೇಳಿದೆ," ಎಂದ ಅಕ್ಕ ಕತ್ತು ಒಳಗೆಳೆದು, ಮೂಗಿನಲ್ಲಿ ಮಾತಾಡುತ್ತ ಸಂಗ್ರಹಾಲಯದ ಮುಖ್ಯಸ್ಥರೇ ಆಗಿಬಿಟ್ಟಳು. "'ನೋಡಮ್ಮಾ, ಗುಡ್ಡಕ್ಕೆ ಗುಡ್‌ಬೈ ಹೇಳು, ಫೈಲ್ ಮುಚ್ಚೋಣ.'"

ತಂಗಿ ನಗಲಿಲ್ಲ.

"ಯಾಕೇ, ಆ ಹೂವಿನ ಹಾಗೆ ಎರಡು ತುಟಿ ಇಟ್ಟುಕೊಂಡೂ ಮಾತಿಲ್ಲ? ಗಿಡ ಇನ್ನೂ ಹೋಗಿಲ್ಲ. ಟೊಂಗೇಲಿ ಬಲಿತ ಬೀಜ ಇತ್ತು. ಹಾಳೆ ಮೇಲಿನ ಲಕೋಟೇಲಿ ಹಾಕಿದ್ದೀಯಲ್ಲ, ತೆಗಿ. ಕುಂಡಕ್ಕೆ ಮಣ್ಣು ತುಂಬಿಸಿಟ್ಟೇ ಬಂದಿದ್ದೀನಿ."

ತಂಗಿ ಹಾಳೆ ತಂದು ಮೇಜಿನ ಮೇಲಿಟ್ಟಳು. ಹೂವಿನ ನೀಲಿ ಆಗಲೇ ಚಹಾದ ಕಲೆಯ ಬಣ್ಣಕ್ಕೆ ತಿರುಗಿತ್ತು. ಅಕ್ಕ ಲಕೋಟೆ ಬಿಡಿಸಿ ಬೆರಳು ಹಾಕುವಷ್ಟರಲ್ಲಿ ತಂಗಿ ಅವಳ ಮಣಿಕಟ್ಟು ಹಿಡಿದಳು.

"ಮುಟ್ಟಬೇಡ. ಅದ್ದಿದ್ದೀನಿ."

"ಟೊಂಗೆ ಅದ್ದಿದ್ದೀಯ. ಬೀಜಾನೂ?"

"ಅದ್ದುವಾಗ ಟೊಂಗೇಲೇ ಇತ್ತು. ಆಮೇಲೆ ಉದುರಿದ್ದು." ತಂಗಿಯ ದನಿ ಇಳಿಯಿತು. "ಮೊದಲೆಲ್ಲ ಬೀಜ ಕೊಡವಿ ತೆಗೆದಿಟ್ಟೇ ಅದ್ದುತ್ತಿದ್ದೆ ಅಕ್ಕ. ಆ ವರ್ಷ ಬೀಜದ ಲಕೋಟೆಯಿಂದಲೇ ಹುಳ ಎದ್ದು ಅರ್ಧ ಬೀರು ಪುಡಿಯಾಯ್ತಲ್ಲ. ಇನ್ಮೇಲೆ ಒಂದು ಕಾಳೂ ಬಿಡದೆ ಅದ್ದು ಅಂದೋಳು ನೀನೇ."

ಅಕ್ಕ ಕುರ್ಚಿ ಎಳೆದುಕೊಂಡು ಕುಳಿತಳು.

"ಒಂದಾದರೂ ಬದುಕಿರಬಹುದು."

"ಪಾದರಸದ ವಿಷ. ಹುಳ ಯಾವುದು, ಬೀಜ ಯಾವುದು ಅಂತ ಅದು ನೋಡಲ್ಲ."

"ಹಾಕಿ ನೋಡೋಣ. ಹೋಗೋದೇನು?"

"ಬೀಜವೇ ಹೋಗುತ್ತೆ. ಮಣ್ಣಲ್ಲಿ ಕೊಳೆತರೆ, ಆ ಗಿಡದ ಬೀಜ ಹೇಗಿತ್ತು ಅಂತ ತೋರಿಸೋಕೂ ಏನೂ ಉಳಿಯಲ್ಲ."

ಲಕೋಟೆಯಲ್ಲಿದ್ದದ್ದು ನಾಲ್ಕೇ ಕಾಳು. ಕಂದು ಬಣ್ಣ, ಸಾಸಿವೆಗಿಂತ ಸಣ್ಣವು. ಒಂದರ ಸಿಪ್ಪೆಯೂ ಒಡೆದಿರಲಿಲ್ಲ. ಅಕ್ಕ ಅವನ್ನು ಭೂತಗನ್ನಡಿಯಲ್ಲಿ ಬಹಳ ಹೊತ್ತು ನೋಡಿದಳು. ಕಣ್ಣು ತುಂಬಿದಾಗ, ಹಾಳೆಯ ಮೇಲೆ ಹನಿ ಬೀಳದಂತೆ ಮುಖ ಹಿಂದಕ್ಕೆಳೆದುಕೊಂಡಳು. ಆಮೇಲೆ ಲಕೋಟೆಯನ್ನು ಮೊದಲಿದ್ದ ಗೆರೆಯಲ್ಲೇ ಮಡಿಚಿದಳು.

"ಬಾಯಿ ಅಂಟಿಸಲಾ?" ಕೇಳಿದಳು ತಂಗಿ.

"ಅಂಟಿಸು."