ಗುಂಡಪ್ಪನನ್ನು ತೂಗಿದ ತೊಟ್ಟಿಲು

ನಾನು ಕಲಘಟಗಿಯ ತೊಟ್ಟಿಲು. ಬರೀ ತೊಟ್ಟಿಲು ಎಂದು ಕರೆದರೆ ನನಗೆ ಸಿಟ್ಟು ಬರುತ್ತದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಸಾಗವಾನಿಯ ಹಲಗೆ, ಅರಗಿನ ಬಣ್ಣ, ಬಲಗಡೆ ಗಿಳಿಗಳ ಸಾಲು, ಎಡಗಡೆ ಬೆಣ್ಣೆಯ ಗಡಿಗೆಗೆ ಕೈ ಹಾಕಿದ ಬಾಲಕೃಷ್ಣ. ನನ್ನನ್ನು ಮಾಡಿದವನು ಬಡಿಗೇರ ಮಾನಪ್ಪ. ಅವನ ಕೈಯಲ್ಲಿ ಎಲ್ಲವೂ ಚೆನ್ನಾಗಿ ಬಂತು, ಎಡಗಡೆಯ ಒಂದು ಕೊಂಡಿ ಮಾತ್ರ ತುಸು ಸೊಟ್ಟಾಯಿತು. ತೂಗಿದಾಗಲೆಲ್ಲ ಅದು ಕಿರ್ರ್ ಎನ್ನುತ್ತಿತ್ತು. "ಇರಲಿ ಬಿಡು. ತೊಟ್ಟ್ಲಾ ತೂಗಾಕತ್ತೈತಿ ಅಂತ ಅಡಗಿಮನ್ಯಾಗ ಇದ್ದ ತಾಯಿಗೂ ಗೊತ್ತಾಗ್ತೈತಿ" ಎಂದು ಅವನು ಹಾಗೆಯೇ ಬಿಟ್ಟ. ಆ ಕಿರ್ರ್‌ನಿಂದಲೇ ಮುಂದೆ ಇಷ್ಟೆಲ್ಲ ಆಯಿತು.

ನಮ್ಮ ಕಡೆ ಮೊದಲ ಬಾಣಂತನ ಮುಗಿಸಿ ಮಗಳು ಗಂಡನ ಮನೆಗೆ ಹೊರಟಾಗ ತವರಿನವರು ತೊಟ್ಟಿಲು ಕೊಟ್ಟು ಕಳಿಸುತ್ತಾರೆ. ನೀಲವ್ವನ ತಂದೆ ನನ್ನನ್ನು ಕೊಂಡದ್ದು ಅದಕ್ಕೇ. ಬಸ್ಸಿನ ಮಾಡಿನ ಮೇಲೆ ಒಣಮೆಣಸಿನಕಾಯಿ ಚೀಲಗಳ ನಡುವೆ ಕೂತು ಅಣ್ಣಿಗೇರಿಗೆ ಬಂದೆ. ಪಡಸಾಲೆಯ ತೊಲೆಗೆ ಸರಪಳಿಯಿಂದ ನನ್ನನ್ನು ತೂಗುಹಾಕಿದರು. ಕೂಸು ಒಳಗೆ, ನಾನು ನಡುವೆ, ನೀಲವ್ವ ಕೆಳಗೆ ಚಾಪೆಯ ಮೇಲೆ.

ನೀಲವ್ವ ನನ್ನಲ್ಲಿ ನಾಲ್ಕು ಮಕ್ಕಳನ್ನು ತೂಗಿದಳು. ಹಗಲು ಕೈಯಿಂದ, ರಾತ್ರಿ ಕಾಲಿನಿಂದ. ಹಳೆಯ ಇಳಕಲ್ ಸೀರೆಯ ಅಂಚು ಹರಿದು ಹಗ್ಗ ಹೊಸೆದಿದ್ದಳು. ಒಂದು ತುದಿ ನನಗೆ, ಇನ್ನೊಂದು ತುದಿ ಆಕೆಯ ಕಾಲ್ಬೆರಳಿಗೆ. ಆಕೆ ಗೊರಕೆ ಹೊಡೆಯುತ್ತಿದ್ದರೂ ಕಾಲು ಮಾತ್ರ ಡ್ಯೂಟಿ ಬಿಡುತ್ತಿರಲಿಲ್ಲ. ಅಂಥ ಕಾಲನ್ನು ನಾನು ಇನ್ನೆಲ್ಲೂ ನೋಡಿಲ್ಲ.

ಆಮೇಲೆ ನಾನು ಊರೂರು ತಿರುಗಿದೆ. ಕಲಘಟಗಿ ತೊಟ್ಟಿಲು ಎಂದರೆ ಬೀಗರು ಬಿಜ್ಜರು ಎಲ್ಲರಿಗೂ ಬೇಕು. ಕೇಳಿ ಒಯ್ಯುವಾಗ ಇದ್ದ ಅವಸರ ತಿರುಗಿ ಕೊಡುವಾಗ ಯಾರಿಗೂ ಇರುತ್ತಿರಲಿಲ್ಲ. ಒಂದು ಮನೆಯಲ್ಲಿ ನನ್ನೊಳಗೆ ಉಳ್ಳಾಗಡ್ಡಿ ತುಂಬಿಟ್ಟರು. ಇನ್ನೊಂದು ಮನೆಯ ಅಟ್ಟದಲ್ಲಿ ಬೆಕ್ಕು ನನ್ನೊಳಗೇ ಮರಿ ಹಾಕಿತು. ಅವೂ ಮಕ್ಕಳೇ ಎಂದು ನಾನು ತಕರಾರು ಮಾಡಲಿಲ್ಲ. ಉಳ್ಳಾಗಡ್ಡಿಯನ್ನು ಮಾತ್ರ ಇಂದಿಗೂ ಕ್ಷಮಿಸಿಲ್ಲ.

ನೀಲವ್ವನ ಕಿರಿಯ ಮಗ ಫಕ್ಕೀರೇಶನಿಗೆ ಹೆಣ್ಣು ಹುಟ್ಟಿದಾಗ ನನ್ನನ್ನು ಹುಡುಕಿ ತಂದರು. ಅಷ್ಟರಲ್ಲಿ ನೀಲವ್ವನ ತಲೆ ಬೆಳ್ಳಗಾಗಿತ್ತು, ಯಜಮಾನರು ತೀರಿಕೊಂಡಿದ್ದರು. ಸೊಸೆ ದಾಕ್ಷಾಯಣಿಗೆ ತಾಯಿ ಇರಲಿಲ್ಲ, ಹಾಗಾಗಿ ಬಾಣಂತನವೂ ಅತ್ತೆಯ ಕೈಯಲ್ಲೇ ಆಯಿತು. ಎರೆಯುವುದು, ಲೋಬಾನ ಹಾಕುವುದು, ಅಂಟಿನುಂಡಿ ಕಟ್ಟುವುದು, ಯಾವುದರಲ್ಲೂ ಆಕೆ ಕೊರತೆ ಮಾಡಲಿಲ್ಲ.

ಹೆಸರಿಡುವ ದಿನ ನನಗೆ ಹೂವಿನ ಹಾರ ಕಟ್ಟಿದರು. ಪದ್ಧತಿಯ ಪ್ರಕಾರ ತೊಟ್ಟಿಲಿಗೆ ಮೊದಲು ಬರುವುದು ಕೂಸಲ್ಲ, ಒರಳಿನ ಗುಂಡಕಲ್ಲು. ಅದನ್ನು ತೊಳೆದು, ಕೂಸಿನ ತಲೆ ಮುಚ್ಚುವ ಕುಂಚಿಗೆ ತೊಡಿಸಿ, ಗುಂಡಪ್ಪ ಎಂದು ಕರೆದು, ಹೆಂಗಸರು ನನ್ನ ಕೆಳಗಿನಿಂದ ಮೇಲಿನಿಂದ ಒಬ್ಬರಿಗೊಬ್ಬರು ದಾಟಿಸಿ ಮಲಗಿಸುತ್ತಾರೆ. ಕೂಸೂ ಅವನ ಹಾಗೆ ಗಟ್ಟಿಮುಟ್ಟಾಗಿರಲಿ ಎಂಬ ಆಸೆ. ಗುಂಡಪ್ಪ ಹಾಕಿದ ಕಡೆ ಸುಮ್ಮನೆ ಮಲಗಿದ. ಅವನ ನಂತರ ಬಂದ ಸಿಂಚನಾ ಬೆನ್ನು ಹಾಸಿಗೆಗೆ ತಾಗುವ ಮೊದಲೇ ಬಾಯಿ ತೆಗೆದಳು.

ತೂಗಿದರೆ ಸುಮ್ಮನಾಗುತ್ತಿದ್ದಳು, ನಿಲ್ಲಿಸಿದರೆ ಏಳುತ್ತಿದ್ದಳು. ರಾತ್ರಿ ಎಷ್ಟು ಸಲ ಎಂದು ಲೆಕ್ಕ ಇಡಲು ಯಾರಿಗೂ ಎಚ್ಚರ ಇರುತ್ತಿರಲಿಲ್ಲ. ಹಗ್ಗ ಮತ್ತೆ ನೀಲವ್ವನ ಕಾಲಿಗೆ ಬಂತು. ಕಾಲು ಸೋತಾಗ ದಾಕ್ಷಾಯಣಿ ಕೂತು ತೂಗುತ್ತಿದ್ದಳು. ಫಕ್ಕೀರೇಶನದು ಹಿಟ್ಟಿನ ಗಿರಣಿ. ದಿನವಿಡೀ ಆ ಸದ್ದಿನಲ್ಲಿ ಇದ್ದವನಿಗೆ ಮಗಳ ಅಳು ಸೊಳ್ಳೆಯ ಸಮಾನ. ಬೆಳಿಗ್ಗೆ ಎದ್ದು, "ರಾತ್ರಿ ಕೂಸು ಚಲೋ ಮಲಗಿತ್ತಲ್ಲ?" ಎಂದು ಕೇಳುತ್ತಿದ್ದ. ಅವನಿಗೆ ಉತ್ತರ ಸಿಗುತ್ತಿರಲಿಲ್ಲ, ಕೆಲವು ದಿನ ಚಹಾ ಕೂಡ ಸಿಗುತ್ತಿರಲಿಲ್ಲ.

ದಾಕ್ಷಾಯಣಿ ಬಸ್ ಕಂಡಕ್ಟರ್. ಹೆರಿಗೆ ರಜೆ ಮುಗಿಯುತ್ತ ಬಂದಿತ್ತು. ಆಕೆಯ ಪಾಳಿ ನಸುಕಿನ ಮೊದಲ ಬಸ್ಸಿಗೆ. ರಾತ್ರಿಯಿಡೀ ಕಣ್ಣು ಮುಚ್ಚದವಳು ನಸುಕಿನಲ್ಲಿ ಚೀಲ ನೇತುಹಾಕಿಕೊಂಡು ಟಿಕೆಟ್ ಕೊಡುವುದು ಹೇಗೆ? ಒಂದು ದಿನ ನಿದ್ದೆಗಣ್ಣಿನಲ್ಲಿ ಕೂಸಿಗೆ ಹಾಕುವ ಪೌಡರನ್ನು ಸಾರಿಗೆ ಹಾಕಿದಳು. ಫಕ್ಕೀರೇಶ ಎರಡು ಸಲ ಹಾಕಿಸಿಕೊಂಡು ಉಂಡ.

ಅಂದು ನೀಲವ್ವ ಹೇಳಿಯೇಬಿಟ್ಟಳು. "ನೌಕರಿ ಬಿಟ್ಟಬಿಡವಾ. ನಿನ್ನ ಕಣ್ಣ ನೋಡ, ಹೆಂಗ ಒಳಗ ಹೋಗ್ಯಾವು."

ದಾಕ್ಷಾಯಣಿ ಊಟದ ತಟ್ಟೆ ಸರಿಸಿ ಕೂತಳು. ಆ ನೌಕರಿಗಾಗಿ ಆಕೆ ಎಷ್ಟು ಓದಿದ್ದಳು, ಎಷ್ಟು ಓಡಾಡಿದ್ದಳು ಎಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

"ನೌಕರಿ ಬಿಡೂದಿಲ್ರಿ ಅತ್ತಿ. ಕೂಸಿಗಿ ಮಲಗೂದು ಕಲಸ್ತೇನಿ" ಎಂದಳು.

"ಮಲಗೂದು ಕಲಸ್ತಾರೇನ? ಕೂಸು ಅಂದಮ್ಯಾಲೆ ಅಳತೈತಿ, ತೂಗಬೇಕು. ನಾಕ ಮಂದೀನ ಹಂಗ ಬೆಳಸೀನಿ."

"ಬಸ್ಸಿನ್ಯಾಗ ದಿನಾ ನೋಡೇನ್ರಿ. ಗಾಡಿ ಹೊಂಟಿರೂತನಾ ಮಂದಿ ಒಬ್ಬರ ಮ್ಯಾಲೊಬ್ಬರು ಬಿದ್ದು ಮಲಗಿರ್ತಾರ. ನಿಂತ ಕೂಡ್ಲೆ ಎಲ್ಲಾರೂ ಕಣ್ಣ ತಗದು ಯಾವೂರು ಬಂತು ಅಂತ ಕೇಳ್ತಾರ. ನಮ್ಮ ಕೂಸಿಂದೂ ಅಷ್ಟರಿ. ತೊಟ್ಟ್ಲಾ ನಿಂತ ಕೂಡ್ಲೆ ಏಳತೈತಿ."

ನೀಲವ್ವ ಯೋಚಿಸಿದಳು. "ಹಂಗಾರ ಗಾಡಿ ನಿಲ್ಲಸೂದ ಬ್ಯಾಡ" ಎಂದಳು.

"ನಿಂತ ಗಾಡ್ಯಾಗ ಮಲಗೂದು ಕಲಸಬೇಕ್ರಿ."

ನಿಂತ ತೊಟ್ಟಿಲು. ನನ್ನ ಮುಂದೆಯೇ ಈ ಮಾತು ಆಡಿದಳು. ನನ್ನ ಹುಟ್ಟೇ ತೂಗುವುದಕ್ಕೆ, ನಿಂತರೆ ನನಗೂ ಉಳ್ಳಾಗಡ್ಡಿ ಬುಟ್ಟಿಗೂ ಏನು ವ್ಯತ್ಯಾಸ? ನನ್ನ ಮಾತನ್ನು ಯಾರು ಕೇಳಬೇಕು. ಅದೇ ರಾತ್ರಿ, ನೀಲವ್ವನ ಅದೇ ಹಗ್ಗದಿಂದ, ನನ್ನನ್ನು ಕಿಟಕಿಯ ಸರಳಿಗೆ ಬಿಗಿದಳು. ಸಿಕ್ಕಿಬಿದ್ದ ಕಳ್ಳನ ಹಾಗೆ ನಿಂತೆ.

ದೀಪ ಸಣ್ಣದು ಮಾಡಿ, ಹೊಟ್ಟೆ ತುಂಬ ಹಾಲು ಕುಡಿಸಿ, ಕಣ್ಣು ಎಳೆಯುವ ಹೊತ್ತಿಗೆ ಸಿಂಚನಾಳನ್ನು ಮಲಗಿಸಿದಳು. ಅವಳು ಕಿರುಚಿದಳು. ದಾಕ್ಷಾಯಣಿ ಪಕ್ಕದಲ್ಲೇ ಕೂತು ಕೂಸಿನ ಎದೆಯ ಮೇಲೆ ಅಂಗೈ ಇಟ್ಟು, "ಇಲ್ಲೇ ಅದೀನಿ, ಮಲಗು" ಎನ್ನುತ್ತಿದ್ದಳು. ಎತ್ತಲಿಲ್ಲ, ತೂಗಲಿಲ್ಲ. ತನ್ನ ಕಣ್ಣೀರನ್ನೂ ಒರೆಸಿಕೊಳ್ಳಲಿಲ್ಲ. ಬಾಗಿಲ ಆಚೆ ನೀಲವ್ವ ಸೆರಗು ಬಾಯಿಗೆ ಒತ್ತಿಕೊಂಡು ಕೂತಿದ್ದಳು. ಕೂಸನ್ನು ಹೀಗೂ ಅಳಿಸುತ್ತಾರೆಯೇ ಎಂದು ಊರಿನ ದೇವರನ್ನೆಲ್ಲ ಒಬ್ಬೊಬ್ಬರಾಗಿ ಕರೆದು ಕೇಳಿದಳು. ಫಕ್ಕೀರೇಶ ಮಲಗಿದ್ದ.

ದಿನ ಕಳೆದ ಹಾಗೆ ಅಳು ಕಡಿಮೆಯಾಯಿತು. ನನಗೆ ಒಳಗೊಳಗೇ ಹೊಟ್ಟೆಕಿಚ್ಚು, ಆದರೂ ಕಂಡದ್ದನ್ನು ಹೇಳಬೇಕು: ಕೂಸು ಬೆರಳು ಚೀಪುತ್ತ, ಬಾಲಕೃಷ್ಣನ ಗಡಿಗೆ ನೋಡುತ್ತ, ತಾನಾಗಿಯೇ ಕಣ್ಣು ಮುಚ್ಚುವುದನ್ನು ಕಲಿಯಿತು. ಆದರೆ ಸರಿರಾತ್ರಿಯ ನಂತರ ಮಾತ್ರ ಒಮ್ಮೆ ಎದ್ದು ಜೋರಾಗಿ ಅಳುತ್ತಿತ್ತು. ಯಾಕೆಂದು ದಾಕ್ಷಾಯಣಿಗೆ ತಿಳಿಯಲಿಲ್ಲ. ನನಗೆ ತಿಳಿದಿತ್ತು.

ರಜೆ ಮುಗಿಯುವ ಎರಡು ದಿನ ಮೊದಲು ಸಿಕ್ಕಿಬಿದ್ದಳು ನೀಲವ್ವ. ಎಂದಿನಂತೆ ಕಳ್ಳಹೆಜ್ಜೆಯಲ್ಲಿ ಬಂದು, ಸರಳಿನಿಂದ ಹಗ್ಗ ಬಿಚ್ಚಿ ಕಾಲಿಗೆ ಕಟ್ಟಿಕೊಂಡು ಎಳೆದಳು. ನಾನು ಕಿರ್ರ್ ಎಂದೆ. ನನ್ನ ತಪ್ಪಲ್ಲ, ಮಾನಪ್ಪನ ಕೊಂಡಿಯದು. ಗಾಢನಿದ್ದೆಯಲ್ಲಿದ್ದ ಸಿಂಚನಾ ಬೆಚ್ಚಿ ಎದ್ದಳು. ಆ ರಾತ್ರಿ ಮಾತ್ರ ದಾಕ್ಷಾಯಣಿ ನಿದ್ದೆ ಮಾಡದೆ ಕಾಯುತ್ತಿದ್ದಳು. ದೀಪ ಹಾಕಿದಳು.

"ಕೂಸು ಮಲಗೇ ಇತ್ತಲ್ರೀ ಅತ್ತಿ. ಯಾಕ ತೂಗಿದ್ರಿ? ನಾಡದ ನಾ ಹೆಂಗ ಹೋಗ್ಲಿ?"

ನೀಲವ್ವ ಕಾಲಿನ ಹಗ್ಗ ಬಿಚ್ಚಲು ಹೋದಳು, ಗಂಟು ಬಿಚ್ಚಿಕೊಳ್ಳಲಿಲ್ಲ. ತಲೆ ತಗ್ಗಿಸಿ ಹೇಳಿದಳು. "ಕೂಸಿಗಲ್ಲವಾ. ನನಗ ನಿದ್ದಿ ಬರವಲ್ದು. ನಿಮ್ಮ ಮಾವಾರು ಹ್ವಾದಮ್ಯಾಲೆ ರಾತ್ರಿ ಅಂದ್ರ ಬರೇ ಮಾಡು ನೋಡೂದ ಆಗಿತ್ತು. ಈ ತೊಟ್ಟ್ಲಾ ತಿರುಗಿ ಬಂದು ಕಿರ್ರ್ ಅಂದಮ್ಯಾಲೆ ಕಣ್ಣ ಹತ್ತಾಕತ್ತಿತ್ತು."

ದಾಕ್ಷಾಯಣಿ ಕೂಸಿನ ಎದೆಯ ಮೇಲೆ ಅಂಗೈ ಇಟ್ಟಳು, ಅಳು ನಿಂತಿತು. ಇಷ್ಟು ತಿಂಗಳು ನಾನು ಮಲಗಿಸುತ್ತಿದ್ದದ್ದು ಕೂಸನ್ನಲ್ಲ, ಈ ಮುದುಕಿಯನ್ನು.

ಗದ್ದಲಕ್ಕೆ ಎಂದೂ ಏಳದ ಫಕ್ಕೀರೇಶ ಆ ಮೌನಕ್ಕೆ ಎದ್ದು ಬಂದ. ವಿಷಯ ತಿಳಿದು, "ಕೂಸಿನ್ನ ಕೆಳಗ ಹಾಸಿಗಿ ಮ್ಯಾಲೆ ಮಲಗಸ್ರಿ. ಯವ್ವಗ ತೊಟ್ಟ್ಲಾ ಬಿಟ್ಟಕೊಡ್ರಿ" ಎಂದ.

"ಖಾಲಿ ತೊಟ್ಟ್ಲಾ ತೂಗಬಾರದೋ" ಎಂದಳು ನೀಲವ್ವ. "ಕೂಸಿಗಿ ಹೊಟ್ಟಿ ನೋಯತೈತಿ."

ದಾಕ್ಷಾಯಣಿ ಕೂಸನ್ನು ಎತ್ತಿ ಒಳಗಿನ ಹಾಸಿಗೆಯ ಮೇಲೆ ಮಲಗಿಸಿ ಅಡುಗೆಮನೆಗೆ ಹೋದಳು. ತಿರುಗಿ ಬಂದಾಗ ಎರಡೂ ಕೈಯಲ್ಲಿ ಗುಂಡಪ್ಪ. ಸಿಂಚನಾಳ ಕುಂಚಿಗೆ ತೊಡಿಸಿ ನನ್ನೊಳಗೆ ಮಲಗಿಸಿದಳು. "ತೂಗ್ರಿ ಅತ್ತಿ. ಇವ ರಾತ್ರಿ ಏಳೂದಿಲ್ಲ" ಎಂದಳು.

ಅಂದಿನಿಂದ ನನ್ನ ಜಾಗ ಪಡಸಾಲೆಯ ಆ ತುದಿ, ಕೂಸಿನ ಜಾಗ ಒಳಕೋಣೆ. ಗುಂಡಪ್ಪ ಹಗಲು ಚಟ್ನಿ ಅರೆಯುತ್ತಿದ್ದ, ರಾತ್ರಿ ಬೆಳ್ಳುಳ್ಳಿ ವಾಸನೆ ಹೊತ್ತುಕೊಂಡು ನನ್ನಲ್ಲಿಗೆ ಬರುತ್ತಿದ್ದ. ರಜೆ ಮುಗಿದ ದಿನ ದಾಕ್ಷಾಯಣಿ ನಸುಕಿನಲ್ಲಿ ಚೀಲ ಹಾಕಿಕೊಂಡು ಹೊರಟಾಗ ಒಳಗೆ ಸಿಂಚನಾ ಮಲಗಿದ್ದಳು, ಹೊರಗೆ ನೀಲವ್ವ ಮಲಗಿದ್ದಳು. ಇಬ್ಬರನ್ನೂ ನೋಡಿ ಸದ್ದಾಗದಂತೆ ಬಾಗಿಲು ಎಳೆದುಕೊಂಡಳು.

ಅದೇ ಮುಂಜಾನೆ ಪಕ್ಕದ ಮನೆಯ ಪಾರವ್ವ ಹೆಪ್ಪು ಕೇಳಲು ಬಂದಳು. ನೀಲವ್ವನ ಕಾಲು ಇನ್ನೂ ಆಡುತ್ತಿತ್ತು. ಪಾರವ್ವ ಮೆಲ್ಲಗೆ ನನ್ನೊಳಗೆ ಬಗ್ಗಿ, ನೆಟಿಗೆ ಮುರಿದು ದೃಷ್ಟಿ ತೆಗೆದು, "ಥೇಟ್ ಅಪ್ಪನ ಮುಖಾನ ಐತಿ" ಎಂದು ಪಿಸುಗುಟ್ಟಿ ಹೋದಳು. ಫಕ್ಕೀರೇಶ ಅದನ್ನು ಕೇಳಿಸಿಕೊಂಡ. ಗಿರಣಿಗೆ ಹೋಗುವ ಮೊದಲು ಬಹಳ ಹೊತ್ತು ಕನ್ನಡಿ ನೋಡಿಕೊಂಡ.

ಈಗ ನನಗೆ ವಯಸ್ಸಾಗಿದೆ. ಗಿಳಿಗಳ ಬಣ್ಣ ಹೋಗಿದೆ. ಬಾಲಕೃಷ್ಣನ ಕೈ ಅಳಿಸಿ ಗಡಿಗೆ ಮಾತ್ರ ಉಳಿದಿದೆ. ಮನೆಗೆ ಮಿಕ್ಸರ್ ಬಂದ ಮೇಲೆ ಗುಂಡಪ್ಪನಿಗೂ ನಿವೃತ್ತಿ, ಹಗಲೂ ನನ್ನಲ್ಲೇ ಮಲಗಿರುತ್ತಾನೆ. ಶಾಲೆಗೆ ಹೋಗುವಾಗ ಸಿಂಚನಾ ಅವನ ಕುಂಚಿಗೆ ಸರಿಮಾಡಿ ಹೋಗುತ್ತಾಳೆ. ಅವಳು ಎಂಥ ಸದ್ದಿಗೂ ಏಳುವುದಿಲ್ಲ, ಅಪ್ಪನ ಮಗಳು.

ಮೊನ್ನೆ ನೀಲವ್ವನ ಕಾಲು ಬಾತುಕೊಂಡಿತು. ಹಗ್ಗ ಕಟ್ಟಿಕೊಂಡಳು, ಎಳೆಯಲು ಆಗಲಿಲ್ಲ. ನಾನು ನಿಂತೇ ಇದ್ದೆ. ಇಷ್ಟು ವರ್ಷಗಳಲ್ಲಿ ಮೊದಲ ಸಲ ನನಗೆ ಹೆದರಿಕೆಯಾಯಿತು. ಆಕೆ ಮಾಡು ನೋಡುತ್ತ ಆ ಮಗ್ಗುಲು ಈ ಮಗ್ಗುಲು ಹೊರಳುತ್ತಿದ್ದಳು.

ಒಳಗಿನಿಂದ ದಾಕ್ಷಾಯಣಿ ಎದ್ದು ಬಂದಳು. ಅತ್ತೆಯ ಕಾಲಿನಿಂದ ಹಗ್ಗ ಬಿಚ್ಚಿ, ಗೋಡೆಗೆ ಒರಗಿ ಕೂತು, ತಾನೇ ಎಳೆಯತೊಡಗಿದಳು. ಎಂದೂ ತೂಗಬಾರದೆಂದು ನನ್ನನ್ನು ಸರಳಿಗೆ ಬಿಗಿದವಳು ಈಕೆಯೇ.

"ಬಿಡವಾ, ನಸುಕಿನ್ಯಾಗ ನಿನ್ನ ಗಾಡಿ ಐತಿ" ಎಂದಳು ನೀಲವ್ವ.

"ಈ ಗಾಡಿ ನಿಂತ್ರ ನಿಮಗ ಎಚ್ಚರಾಗತೈತ್ರಿ. ಕಣ್ಣ ಮುಚ್ಚರಿ ಅತ್ತಿ. ಊರು ಬಂದಮ್ಯಾಲೆ ನಾನ ಎಬ್ಬಸ್ತೇನಿ."

ನಾನು ಕಿರ್ರ್ ಎಂದೆ. ಸ್ವಲ್ಪ ಹೊತ್ತಿಗೆ ನೀಲವ್ವನ ಗೊರಕೆ ಕೇಳಿಸಿತು. ಆಮೇಲೂ ದಾಕ್ಷಾಯಣಿ ಹಗ್ಗ ಬಿಡಲಿಲ್ಲ.