ಪುಟ ಜಿಗಿಯದಂತೆ

ಫೋನಿನ ಒಳಗುಟ್ಟು ಬಲ್ಲವರು ಮನ್ನಿಸಬೇಕು. ಅರ್ಧಂಬರ್ಧ ತಿಳಿದದ್ದನ್ನು ಹೇಳಹೊರಟಿರುವುದು ಅಧಿಕಪ್ರಸಂಗವೇ ಸರಿ.

ಅತ್ತಿಗೆ ಬಟ್ಟೆ ಹೊಲಿಯುವವಳು. ಬಲಗಣ್ಣಿಗೆ ಪೊರೆ ಕವಿದು, ಎಡಗಣ್ಣೂ ಮಂಜಾಗುತ್ತಿತ್ತು. ಸೂಜಿಗೆ ದಾರ ಪೋಣಿಸಲು ಗಂಡನ ತಂಗಿಯೇ ಬೇಕು. ಆಪರೇಷನ್ನಿಗೆ ದಿನ ಸಿಗುವುದು ಆಸ್ಪತ್ರೆಯ ವೆಬ್‌ಸೈಟಿನಲ್ಲಿ ಮಾತ್ರ. ಆ ಸಂಜೆಯೊಳಗೆ ಹಿಡಿಯದಿದ್ದರೆ ಮುಂದಿನ ಸರದಿ ವರ್ಷದ ಕೊನೆಗೆ.

ಹೊಲಿಗೆ ಮಿಷನ್ನಿನ ಪಕ್ಕ ಕೂತು ನಾದಿನಿ ಹೆಸರು, ವಯಸ್ಸು ತುಂಬುವಷ್ಟರಲ್ಲಿ ಪುಟ ತಾನಾಗಿಯೇ ಬೇರೆಲ್ಲಿಗೋ ಜಿಗಿಯಿತು: 'ನೀವು ಕಾರು ಗೆದ್ದಿದ್ದೀರಿ.' ಹಿಂದಕ್ಕೆ ಬಂದು ಮೊದಲಿನಿಂದ ತುಂಬಿದಳು. ಮತ್ತೆ ಕಾರು.

“ಕಣ್ಣು ಕೇಳಿದ್ರೆ ಕಾರು ಕೊಡ್ತಾರಲ್ಲೇ,” ಎಂದಳು ಅತ್ತಿಗೆ. “ಓಡಿಸೋಕಾದ್ರೂ ಕಣ್ಣು ಬೇಡ್ವಾ?”

“ಸುಮ್ನಿರಿ ಅತ್ತಿಗೆ, ಮತ್ತೆ ಮೊದಲಿಂದ ತುಂಬ್ಬೇಕು.”

“ನೀನು ಫೋನಿಗೆ ಟಾರ್ಚು ಅಂತ ಏನೋ ಹಾಕ್ಕೊಂಡ್ಮೇಲೇ ಅದಕ್ಕೆ ಈ ಬೀದಿ ಸುತ್ತೋ ಚಟ.”

ಮಾತು ಚುರುಕ್ಕೆಂದಿತು. ನಾದಿನಿ ಟಾರ್ಚಿನ ಆ್ಯಪ್ ಅಳಿಸಿದಳು. ಬ್ರೌಸರಿನ ಸೆಟ್ಟಿಂಗಿಗೆ ಹೋಗಿ, ಪುಟಗಳು ತಾವಾಗಿ ಬೇರೆಡೆಗೆ ಹೋಗದಂತೆ ತಡೆಯುವ ಗುಂಡಿ ಒತ್ತಿದಳು. ಅಷ್ಟರಿಂದಲೂ ಧೈರ್ಯ ಬಾರದೆ ಜಾಹೀರಾತು ತಡೆಯುವ ಇನ್ನೊಂದು ಆ್ಯಪ್ ಹಾಕಿ, ಅದರಲ್ಲಿದ್ದ ಗುಂಡಿಗಳನ್ನೆಲ್ಲ ಒಂದೂ ಬಿಡದೆ ಒತ್ತಿದಳು.

ಈಗ ಪುಟ ಹಾಕಿದ ಗೆರೆ ದಾಟಲಿಲ್ಲ. ಗುರುವಾರ ಆರಿಸಿ 'ಖಚಿತಪಡಿಸಿ' ಒತ್ತಿದಳು. ಪರದೆ ಬೆಳ್ಳಗಾಯಿತು. ಮೇಲೊಂದು ಸಣ್ಣ ಸಾಲು: 'ಈ ಪುಟ ನಿಮ್ಮನ್ನು ಬೇರೆಡೆಗೆ ಕರೆದೊಯ್ಯುವುದನ್ನು ತಡೆಯಲಾಗಿದೆ.'

ದಿನ ಗೊತ್ತುಮಾಡಲು ಆಸ್ಪತ್ರೆಯ ಪುಟವೂ ಇನ್ನೊಂದು ಪುಟಕ್ಕೆ ಹೋಗಬೇಕಿತ್ತು. ಕಳ್ಳನಿಗೆಂದು ಹಾಕಿದ ಅಗುಳಿ ನೆಂಟನನ್ನೂ ಹೊರಗೆ ನಿಲ್ಲಿಸಿತ್ತು. ತಡೆಗಳನ್ನೆಲ್ಲ ತೆಗೆದು ಮತ್ತೆ ಪ್ರಯತ್ನಿಸಿದಳು. 'ಈ ಫೋನ್ ಸಂಖ್ಯೆಯಿಂದ ಈಗಾಗಲೇ ಕೋರಿಕೆ ಬಂದಿದೆ' ಎಂದಷ್ಟೇ ಬಂತು; ದಿನವಿಲ್ಲ, ಹೆಸರಿಲ್ಲ. ಆಸ್ಪತ್ರೆಗೆ ಫೋನು ಮಾಡಿದರೆ ಸಂಗೀತ ಕೇಳಿಸಿ ಕಟ್ಟಾಗುತ್ತಿತ್ತು.

“ಆಯ್ತೇನೇ?”

ನಾದಿನಿ ಆ ಸಾಲನ್ನು ಮತ್ತೊಮ್ಮೆ ಓದಿದಳು. “ಗೊತ್ತಾಗ್ತಿಲ್ಲ ಅತ್ತಿಗೆ. ನಾನೇ ಕೆಡಿಸಿದ್ನೋ ಏನೋ.”

ಅತ್ತಿಗೆ ಮಡಿಲಿನ ಬಟ್ಟೆಯ ಅಂಚನ್ನು ಬೆರಳಿನಿಂದಲೇ ತಡವಿ ಹುಡುಕುತ್ತಾ, “ಗುರುವಾರ ತಾನೇ ಒತ್ತಿದ್ದು? ಹೋಗಿ ಬಾಗಿಲಲ್ಲಿ ಕೂರೋಣ. ವಾಪಸ್ ಕಳಿಸಿದ್ರೆ ಬರೋದು, ಇನ್ನೇನು,” ಎಂದಳು.

ಕತ್ತಲಾಯಿತು. ಆಸ್ಪತ್ರೆಯಿಂದ ಮೆಸೇಜು ಬರಲಿಲ್ಲ. ಪುಟವನ್ನು ಜಿಗಿಸಿದ್ದು ಟಾರ್ಚೇ ಹೌದೋ ಅಲ್ಲವೋ ಹೇಳಲಾರೆ; ಅತ್ತಿಗೆಯ ಹೆಸರು ಆ ಬಿಳಿ ಪರದೆ ದಾಟಿ ಆಸ್ಪತ್ರೆ ಮುಟ್ಟಿತೋ ಇಲ್ಲವೋ, ಗುರುವಾರ ಇನ್ನೂ ಬಂದಿಲ್ಲವಾದ್ದರಿಂದ ಗೊತ್ತಿಲ್ಲ.